ಒಳಗಿನ ಹಿಡಿ ಇಲ್ಲದ ಬಾಗಿಲು

ಉರ್ವ ಮಾರ್ಕೆಟಿನ ಕೆಲವು ಹಳಬರಿಗೆ ದೇಯಿ ಎಂದರೆ ಇವತ್ತಿಗೂ ನೆನಪಾಗುವುದು ಒಂದೇ ವಿಷಯ. ಹೆಣ ಮಣ್ಣು ಮಾಡುವ ಹೊತ್ತಿನಲ್ಲಿ ಕಾರಿನ ಹಾರ್ನ್ ಒತ್ತಿದ ಹೆಂಗಸು ಅಂತ. ಅದನ್ನು ಹೇಳಿಕೊಂಡು ಹಲ್ಲು ಕಿಸಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಸಿಟ್ಟು ಮೊದಲೇ ಊರಿಗೆಲ್ಲ ಗೊತ್ತಿರುವಂಥದ್ದು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಟ್ರಂಕ್ ಕಾಲ್ ಸಿಗದವರ ಬೈಗಳನ್ನೆಲ್ಲ ಕೇಳಿ ಕೇಳಿ ನನ್ನ ನಾಲಿಗೆಯೂ ಚೂಪಾಗಿಬಿಟ್ಟಿದೆ. ಒಮ್ಮೆ ಸೋಡಾ ಅಂಗಡಿಯ ಎದುರು ನಿಂತು ನಗುತ್ತಿದ್ದವರ ಹತ್ತಿರ ಹೋಗಿ, “ಅವಳ ವಿಷಯ ನಿಮಗೆ ಎಂತ ಗೊತ್ತುಂಟು?” ಎಂದು ಕೇಳಿಯೇಬಿಟ್ಟೆ. ಗೊತ್ತಿದ್ದದ್ದು ನನಗೊಬ್ಬಳಿಗೆ. ಈಗ ಎಸ್ತೆರ್ ಬಾಯಿಯೂ ತೀರಿಕೊಂಡಿದ್ದಾರೆ. ಇನ್ನು ಹೇಳಿದರೆ ಯಾರಿಗೂ ನೋವಾಗುವುದಿಲ್ಲ.

ಎಸ್ತೆರ್ ಬಾಯಿ ಮತ್ತು ಅವರ ಗಂಡ ಅಲ್ಫೋನ್ಸ್ ಪೊರ್ಬುಗಳು (ನಮ್ಮಲ್ಲಿ ಕ್ರೈಸ್ತ ಗಂಡಸರನ್ನು ಕರೆಯುವುದೇ ಹಾಗೆ) ಮಾರ್ಕೆಟಿನ ಪಕ್ಕದಲ್ಲಿ ಬೇಕರಿ ಇಟ್ಟುಕೊಂಡಿದ್ದರು. ಅವರ ಮನೆ ನಮ್ಮ ಮನೆಯ ಹಿಂದೆ. ನಡುವೆ ಸೊಂಟದೆತ್ತರದ ಗೋಡೆ, ಗೋಡೆಯ ಈಚೆಗೆ ನಮ್ಮ ಬಾವಿ. ಬೇಸಿಗೆಯಲ್ಲಿ ಅವರ ಬಾವಿ ಬತ್ತಿದರೂ ಮಳೆಗಾಲದಲ್ಲಿ ಕದಡಿದರೂ ಅವರ ಮನೆಗೆ ನಮ್ಮದೇ ನೀರು. ಆ ನೀರಿಗೆ ಬರುತ್ತಿದ್ದವಳು ದೇಯಿ.

ದೇಯಿಯ ತವರು ದೇರೆಬೈಲು. ಮದುವೆಯಾಗಿ ಒಂದು ಮಗು ಹುಟ್ಟಿ, ಅದು ಜ್ವರದಲ್ಲಿ ಹೋಯಿತು. ಗಂಡ ಘಟ್ಟ ಹತ್ತಿ ಹೋದವನು ತಿರುಗಿ ಬರಲಿಲ್ಲ. ಅದೇ ಸಮಯದಲ್ಲಿ ಎಸ್ತೆರ್ ಬಾಯಿಗೆ ಎರಡನೆಯ ಮಗು ಹುಟ್ಟಿತ್ತು, ಎಡ್ವಿನ್. ಬೇಕರಿ ಆಗಷ್ಟೇ ಶುರುವಾಗಿತ್ತು. ಪೊರ್ಬುಗಳು ಒಲೆಯ ಹತ್ತಿರ ನಿಂತರೆ ಬಾಯಿ ಹಣದ ಗಲ್ಲೆಯಲ್ಲಿ ಕೂರಲೇಬೇಕು. ಬಾಣಂತನದ ಎಣ್ಣೆ ಮೈಯಿಂದ ಆರುವ ಮೊದಲೇ ಅವರು ಗಲ್ಲೆಗೆ ಹೋದರು, ಮಗು ದೇಯಿಯ ಕೈಗೆ ಬಂತು. ಬೆಳಿಗ್ಗೆ ಬ್ರೆಡ್ಡಿನ ಪರಿಮಳದೊಂದಿಗೆ ಹೋದ ತಾಯಿ ಮನೆಗೆ ಬರುವಾಗ ಮಗು ನಿದ್ದೆ ಮಾಡಿರುತ್ತಿತ್ತು. ಇದನ್ನು ತಪ್ಪು ಅಂತ ನಾನು ಹೇಳುವುದಿಲ್ಲ. ಹಾಗೆ ಬೆವರು ಸುರಿಸದಿದ್ದರೆ ಆ ಮನೆ ಮೇಲೆ ಬರುತ್ತಲೇ ಇರಲಿಲ್ಲ.

ದೇಯಿ ಅವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಮೀಸೆ ಬಂದ ಮೇಲೂ ಅವನು ಅವಳಿಗೆ “ಬಾಲೆ”, ಎಂದರೆ ಮಗು. ಎಡ್ವಿನನೂ ಅಷ್ಟೇ, ತಾಯಿಯ ಹತ್ತಿರ ಕೊಂಕಣಿ, ದೇಯಿಯ ಹತ್ತಿರ ಶುದ್ಧ ತುಳು. ನಮ್ಮ ಬಾವಿಕಟ್ಟೆಯಲ್ಲಿ ಕೂತು, ಅವಳ ವೀಳ್ಯದ ಡಬ್ಬಿಯಿಂದ ಅಡಿಕೆ ಕದ್ದು, ಬೈಸಿಕೊಂಡು ನಗುತ್ತಿದ್ದ. ಇಪ್ಪತ್ತೆರಡನೆಯ ವಯಸ್ಸಿಗೆ ಎಲ್ಲರ ಹಾಗೆ ಅವನಿಗೂ ಗಲ್ಫಿನ ಹುಚ್ಚು ಹಿಡಿಯಿತು. ಬೇಕರಿಯ ಬೂದಿ ತನಗೆ ಬೇಡ ಅಂತ ಬಹ್ರೈನಿಗೆ ಹೋದ. ಸಮುದ್ರದಲ್ಲಿ ಹೂಳೆತ್ತುವ ಕಂಪೆನಿಯಲ್ಲಿ ಕೆಲಸ. ಮೊದಲ ವರ್ಷವೇ ಊರಿಗೆ ಬರುವ ಯಾರದ್ದೋ ಕೈಯಲ್ಲಿ ದೇಯಿಗೆಂದು ಉದ್ದ ಹಿಡಿಯ ಕಪ್ಪು ಕೊಡೆ ಕಳಿಸಿದ. ದೇಯಿ ಅದನ್ನು ಮಳೆಗೆ ಬಿಡಿಸಲಿಲ್ಲ, ಒದ್ದೆಯಾದರೆ ಹಾಳಾಗುತ್ತದೆ ಅಂತ. ಮಳೆ ಬರುವಾಗ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ತಲೆಯ ಮೇಲೆ ಗೋಣಿ ಹಾಕಿಕೊಂಡು ಓಡುತ್ತಿದ್ದಳು. ನಾನು ತಮಾಷೆ ಮಾಡಿದರೆ, “ಕೊಡೆ ಎಷ್ಟು ಬೇಕಾದರೂ ಸಿಗ್ತದೆ ಶಶಿಯಕ್ಕ, ಇದು ಕೊಡೆ ಅಲ್ಲ,” ಎನ್ನುವಳು. ಅವಳ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ನಾನು ಕನ್ನಡಕ್ಕೆ ತಂದಿದ್ದೇನೆ, ಅಷ್ಟೆ.

ಎಪ್ಪತ್ತೊಂಬತ್ತರ ಮೇ ಕೊನೆಗೆ ಸುದ್ದಿ ಬಂತು. ಕೆಲಸದ ದೋಣಿ ಮಗುಚಿ ಎಡ್ವಿನ್ ಮತ್ತು ಇನ್ನೊಬ್ಬ ನೀರು ಪಾಲಾಗಿದ್ದಾರೆ. ಆಮೇಲೆ ಒಬ್ಬನ ದೇಹ ಸಿಕ್ಕಿತು. ಪ್ಯಾಂಟಿನ ಕಿಸೆಯಲ್ಲಿ ಎಡ್ವಿನನ ಗುರುತಿನ ಕಾಗದ ಇತ್ತು, ಆದ್ದರಿಂದ ಅದು ಎಡ್ವಿನ್ ಎಂದು ಬರೆದರು. ಇನ್ನೊಬ್ಬ ಸಿಗಲೇ ಇಲ್ಲ. ಪೆಟ್ಟಿಗೆ ಬೊಂಬಾಯಿಗೆ ಬಂದು, ಅಲ್ಲಿಂದ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಬರುವಾಗ ಜೂನ್ ತಿಂಗಳ ಮಳೆ ಹಿಡಿದಿತ್ತು.

ಇನ್ನು ಆ ಕಾರಿನ ವಿಷಯ ಹೇಳಬೇಕು. ಪೊರ್ಬುಗಳಲ್ಲಿ ಒಂದು ಹಳೆಯ ಅಂಬಾಸಿಡರ್ ಇತ್ತು. ಬೆಳಿಗ್ಗೆ ಹೋಟೆಲುಗಳಿಗೆ ಬ್ರೆಡ್ಡು ಬನ್ನು ಹೊತ್ತು, ಉಳಿದ ಹೊತ್ತು ಮನೆಯವರನ್ನು ಹೊರುತ್ತಿತ್ತು. ಡ್ರೈವರ್ ಮಹಾಬಲ, ಬಹಳ ಜಾಗ್ರತೆಯ ಮನುಷ್ಯ. ಎಡ್ವಿನನ ಅಕ್ಕ ರೊಸಾಲಿನಳನ್ನು ತೊಕ್ಕೊಟ್ಟಿಗೆ ಕೊಟ್ಟಿತ್ತು. ಅವಳ ಮಕ್ಕಳು ಕೈಕಾಲು ಒಂದು ಕಡೆ ಇಡುವವರಲ್ಲ. ಒಮ್ಮೆ ನೇತ್ರಾವತಿ ಸಂಕದ ಮೇಲೆ ಹೋಗುತ್ತಿರುವಾಗ ಸಣ್ಣವನು ಹಿಂದಿನ ಬಾಗಿಲಿನ ಹಿಡಿ ತಿರುಗಿಸಿದ, ಬಾಗಿಲು ತೆರೆದುಕೊಂಡಿತು. ದೊಡ್ಡವಳು ಅಂಗಿ ಹಿಡಿದು ಎಳೆದದ್ದರಿಂದ ಉಳಿದ. ಆವತ್ತು ಸಂಜೆಯೇ ಮಹಾಬಲ ಹಿಂದಿನ ಎರಡೂ ಬಾಗಿಲುಗಳ ಒಳಗಿನ ಹಿಡಿ ಬಿಚ್ಚಿದ. ತಲೆ ಹೊರಗೆ ಹಾಕುತ್ತಾರೆ ಅಂತ ಗಾಜು ಇಳಿಸುವ ಹಿಡಿಯನ್ನೂ ಬಿಚ್ಚಿ ಎಲ್ಲವನ್ನೂ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಹಾಕಿದ. ಅಲ್ಲಿಂದ ಮೇಲೆ ಹಿಂದೆ ಕೂತವರು ಇಳಿಯಬೇಕಾದರೆ ಅವನೇ ಸುತ್ತು ಬಂದು ಹೊರಗಿನಿಂದ ತೆರೆಯಬೇಕು. ಎಲ್ಲರಿಗೂ ಅದು ಅಭ್ಯಾಸವಾಯಿತು. ಪೊರ್ಬುಗಳಿಗಂತೂ ಡ್ರೈವರ್ ಬಾಗಿಲು ತೆರೆಯುವುದು ದೊಡ್ಡಸ್ತಿಕೆಯಾಗಿಯೂ ಕಂಡಿತು.

ಮಣ್ಣಿನ ದಿನ ದೇಯಿ ಮನೆ ಕಾಯಲಿ ಎಂದು ರೊಸಾಲಿನ್ ಹೇಳಿದಳು. ಆ ಮನೆಯಲ್ಲಿ ಯಾವತ್ತೂ ಎದುರುತ್ತರ ಕೊಡದ ದೇಯಿ, ಆವತ್ತು ಕಾರಿನ ಹತ್ತಿರ ಬಂದು ನಿಂತು, “ನಾನು ಬರ್ತೇನೆ,” ಎಂದಳು. ಮತ್ತೆ ಹೇಳಿದರೂ ಅದೇ ಮಾತು. ಅಲ್ಫೋನ್ಸ್ ಪೊರ್ಬುಗಳು, “ಬರಲಿ ಬಿಡು, ಸಾಕಿದವಳು,” ಎಂದರು. ಹಿಂದಿನ ಸೀಟಿನಲ್ಲಿ ಎಡಕ್ಕೆ ರೊಸಾಲಿನ್, ನಡುವೆ ಎಸ್ತೆರ್ ಬಾಯಿ, ಬಲಕ್ಕೆ ಮೈ ಹಿಡಿ ಮಾಡಿಕೊಂಡು ದೇಯಿ. ಕೈಯಲ್ಲಿ ಆ ಕೊಡೆ. ಅವಳಿಗೆ ಬೇಕಾದದ್ದು ಒಂದೇ, ಬಾಲೆಯ ಮುಖ ಒಮ್ಮೆ ನೋಡಬೇಕು. ಪೆಟ್ಟಿಗೆ ಬಹಳ ಹೊತ್ತು ತೆರೆದಿಡುವ ಹಾಗಿಲ್ಲ, ಇಗರ್ಜಿಯ ಸ್ಮಶಾನದಲ್ಲಿ ಮನೆಯವರಿಗೋಸ್ಕರ ಸ್ವಲ್ಪ ತೆರೆದು ಮುಚ್ಚುತ್ತೇವೆ ಎಂದು ಪಾದ್ರಿಗಳು ಮೊದಲೇ ಹೇಳಿದ್ದರು.

ಬಜ್ಪೆಯಿಂದ ವ್ಯಾನು ಸೀದಾ ಇಗರ್ಜಿಗೆ ಬಂದಿತ್ತು. ಆಕಾಶ ಹರಿದುಬಿದ್ದ ಹಾಗೆ ಮಳೆ. ಕಾರು ನಿಲ್ಲಿಸಿದ ಕೂಡಲೇ ಮಹಾಬಲ ಎಡಗಡೆಯ ಬಾಗಿಲು ತೆರೆದ. ರೊಸಾಲಿನ್ ಇಳಿದಳು, ಎಸ್ತೆರ್ ಬಾಯಿಯನ್ನು ತಬ್ಬಿಕೊಂಡು ಇಳಿಸಿದಳು, ಸೀಟು ನೆನೆಯುತ್ತದೆ ಅಂತ ಮೊಣಕೈಯಿಂದ ಬಾಗಿಲು ದೂಡಿದಳು. ಮಹಾಬಲ ಇನ್ನು ಬಲಗಡೆಗೆ ಬರಬೇಕು. ಅಷ್ಟರಲ್ಲಿ ವ್ಯಾನಿನ ಹತ್ತಿರ ಪೆಟ್ಟಿಗೆ ಇಳಿಸುತ್ತಿದ್ದವರ ಕೈ ಜಾರಿ ಯಾರೋ ಕೂಗಿದರು. ಅವನು ಮುಂದಿನ ಬಾಗಿಲಿಗೆ ಬೀಗ ತಿರುಗಿಸಿ ಅಲ್ಲಿಗೆ ಓಡಿದ. ಪೆಟ್ಟಿಗೆಗೆ ಹೆಗಲು ಕೊಟ್ಟವನಿಗೆ ಮತ್ತೆ ಕಾರಿನ ನೆನಪು ಎಲ್ಲಿಂದ?

ದೇಯಿ ಕೂತೇ ಇದ್ದಳು. ಈಗ ಬರುತ್ತಾನೆ, ಈಗ ತೆರೆಯುತ್ತಾನೆ ಅಂತ. ಅವಳು ಕಾರಿನಲ್ಲಿ ಕೂತದ್ದೇ ಅಪರೂಪ, ತಾನಾಗಿ ಬಾಗಿಲು ಮುಟ್ಟಿದವಳಲ್ಲ. ಜನ ಸ್ಮಶಾನದ ಕಡೆ ಹೋಗುವುದು ಕಂಡಾಗ ಕೈಯಲ್ಲಿ ಬಾಗಿಲು ತಡವಿದಳು. ಹಿಡಿ ಇರುವಲ್ಲಿ ಒಂದು ಸಣ್ಣ ಕಬ್ಬಿಣದ ಮೊಳೆಯಂಥದ್ದು, ಬೆರಳಿಗೆ ಸಿಗುತ್ತದೆ, ತಿರುಗುವುದಿಲ್ಲ. ಆಚೆ ಬಾಗಿಲಿಗೆ ಸರಿದಳು, ಅಲ್ಲಿಯೂ ಹಾಗೆಯೇ. ಗಾಜಿಗೆ ಬಡಿದಳು. ಮಳೆಯ ಸದ್ದು, ಬ್ಯಾಂಡಿನ ಸದ್ದು, ಯಾರಿಗೆ ಕೇಳಬೇಕು? ಅವಳ ಉಸಿರಿಗೇ ಗಾಜು ಮಂಜಾಗುತ್ತಿತ್ತು. ಸೆರಗಿನಲ್ಲಿ ಒರೆಸಿ ನೋಡಿದರೆ ಬರೀ ಕೊಡೆಗಳು, ಕಪ್ಪು ಕೊಡೆಗಳ ಬೆನ್ನು. ಹೊರಗಿನಿಂದ ಯಾರು ಬೇಕಾದರೂ ಒಂದು ಕೈಯಲ್ಲಿ ತೆರೆಯಬಹುದಾದ ಬಾಗಿಲು ಅದು. ಪಕ್ಕದಲ್ಲೇ ಎಷ್ಟೋ ಜನ ಹಾದುಹೋದರು. ದೇಯಿ ಎಲ್ಲಿ ಎಂದು ಕೇಳಿದವರು ಒಬ್ಬರೂ ಇಲ್ಲ. ನಾನು ಗೋಡೆಯ ಹತ್ತಿರ ಬಂಟ ಹೆಂಗಸರ ಸಾಲಿನಲ್ಲಿ ನಿಂತಿದ್ದೆ. ಅವಳು ಮನೆಯಲ್ಲಿದ್ದಾಳೆ ಎಂದೇ ಎಣಿಸಿದ್ದೆ.

ಮುಂದಿನ ಸೀಟು ಉದ್ದಕ್ಕೆ ಒಂದೇ. ಅದನ್ನು ದಾಟಲು ನೋಡಿದಳಂತೆ, ಮೊಣಕಾಲು ಏಳಲಿಲ್ಲ. ಆಗ ಅವಳಿಗೆ ಮಹಾಬಲ ಮನೆಯ ಎದುರು ಹಾರ್ನ್ ಹಾಕುವುದು ನೆನಪಾಯಿತು. ಸೀಟಿನ ಮೇಲಿನಿಂದ ಬಾಗಿ, ಕೊಡೆಯ ತುದಿಯನ್ನು ಸ್ಟೇರಿಂಗಿನ ನಡುವೆ ಊರಿ ಒತ್ತಿದಳು.

ಆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಉಂಟು. ಬ್ಯಾಂಡು ನಿಂತು ಪಾದ್ರಿಗಳು ಪ್ರಾರ್ಥನೆ ಹೇಳುತ್ತಿದ್ದ ಹೊತ್ತು. ಉದ್ದಕ್ಕೆ, ಬಿಡದೆ, ಹೊಟ್ಟೆಯೊಳಗಿಂದ ಬಂದ ಹಾಗೆ ಕೂಗುವ ಹಾರ್ನ್. ಪಾದ್ರಿಗಳು ಪುಸ್ತಕದಿಂದ ತಲೆ ಎತ್ತಿದರು. “ಯಾರು ಮಾರಾಯ ಅದು, ಮರ್ಯಾದೆ ಇಲ್ಲದವರು!” ಎಂದು ಗುಂಪಿನಲ್ಲಿ ಗುಸುಗುಸು. ಯಾರೋ ಒಬ್ಬ ನಕ್ಕ. ಮಹಾಬಲನಿಗೆ ಆಗ ನೆನಪಾಯಿತು. ಕೆಸರಿನಲ್ಲಿ ಜಾರುತ್ತಾ ಓಡಿದ.

ಬಾಗಿಲು ತೆರೆದಾಗ ಅವಳು ಒಂದು ಬೈಗಳನ್ನೂ ಆಡಲಿಲ್ಲ. ಆ ಕೊಡೆಯನ್ನು ಮಡಚಿಯೇ ಹಿಡಿದುಕೊಂಡು, ನೆನೆಯುತ್ತಾ, ಕುಂಟುತ್ತಾ ಬಂದಳು. ಬರುವಾಗ ಪೆಟ್ಟಿಗೆಗೆ ಕೊನೆಯ ಮೊಳೆ ಹೊಡೆದಾಗಿತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. “ಒಮ್ಮೆ ತೆರೆಯಲಿಕ್ಕೆ ಹೇಳು ಮಹಾಬಲಣ್ಣ,” ಎಂದಳಂತೆ. ಅವನು ಪಾದ್ರಿಗಳ ಮುಖ ನೋಡಿದ, ಪೊರ್ಬುಗಳ ಮುಖ ನೋಡಿದ. ಆ ಹಾರ್ನ್ ಕೂಗಿದ ಮೇಲೆ ಇನ್ನು ಯಾವ ಬಾಯಿಯಿಂದ ಕೇಳುವುದು? ಹಗ್ಗ ಇಳಿಯಿತು. ಎಲ್ಲರ ಹಾಗೆ ಅವಳೂ ಒಂದು ಹಿಡಿ ಕೆಸರು ಮಣ್ಣು ಹಾಕಿದಳು.

ಮರುದಿನವೇ ಮಹಾಬಲ ಎರಡೂ ಬಾಗಿಲುಗಳಿಗೆ ಹಿಡಿ ಹಾಕಿದ. ದೇಯಿ ಮತ್ತೆ ಆ ಕಾರು ಹತ್ತಲಿಲ್ಲ. ಮಾರ್ಕೆಟಿನಲ್ಲಿ ಮೀನಿಗೆ ನಿಂತರೆ ಪಡ್ಡೆಗಳು ಬಾಯಲ್ಲಿ ಹಾರ್ನ್ ಸದ್ದು ಮಾಡುವರು. ಅವಳು ತಲೆ ತಗ್ಗಿಸಿ ಬಂಗುಡೆ ಆರಿಸುವಳು. ನನಗೆ ಅವರ ಕೆನ್ನೆಗೆ ಎರಡು ಬಾರಿಸುವ ಅಂತ ಅನಿಸುತ್ತಿತ್ತು.

ಆದರೆ ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಕ್ರೈಸ್ತರಲ್ಲಿ ತೀರಿಕೊಂಡವರಿಗೆ ತಿಂಗಳಾಗುವಾಗ ಪೂಜೆ ಹೇಳಿಸುವ ಕ್ರಮ ಉಂಟು. ದಿನ ಹತ್ತಿರ ಬಂದರೂ ಎಸ್ತೆರ್ ಬಾಯಿ ಒಪ್ಪಲಿಲ್ಲ. ಈಗ ಬೇಡ, ಮುಂದೆ ನೋಡುವ ಅಂತ. ಗಲ್ಲೆಗೆ ಹೋಗುವುದು ನಿಂತಿತು. ಊಟ ಸೇರಲಿಲ್ಲ. ಪೊರ್ಬುಗಳು ಮೊದಲು ಸಮಾಧಾನ ಹೇಳಿದರು, ಆಮೇಲೆ ರೇಗಿದರು. ತಲೆ ಸರಿ ಇಲ್ಲ ಎಂದು ನೆಂಟರು ಮಾತಾಡಿಕೊಂಡರು. ನನಗೂ ಹಾಗೆಯೇ ಅನಿಸಿತ್ತು.

ಒಂದು ಭಾನುವಾರ ಮಧ್ಯಾಹ್ನ ಗಂಜಿ, ಹುರುಳಿ ಚಟ್ನಿ ಹಿಡಿದುಕೊಂಡು ಅವರ ಅಡುಗೆಮನೆಗೆ ಹೋದೆ. ಬಾಯಿ ಅಲ್ಲಿ ಮಣೆಯ ಮೇಲೆ ಕೂತಿದ್ದರು. ದೇಯಿ ಎದುರಿನಲ್ಲಿ ನೆಲದ ಮೇಲೆ. ನಾನು ಬಾಗಿಲಲ್ಲೇ ನಿಂತೆ. ನನ್ನನ್ನು ಕಂಡರೂ ಬಾಯಿ ಮಾತು ನಿಲ್ಲಿಸಲಿಲ್ಲ. ಅಷ್ಟು ದಿನ ಕಟ್ಟಿಟ್ಟದ್ದು ಒಡೆದಿತ್ತು.

“ನಾನು ನೋಡಿದೆ ದೇಯಿ. ಎಲ್ಲರಿಗಿಂತ ಹತ್ತಿರದಿಂದ ನೋಡಿದೆ. ನೀರಿನಲ್ಲಿ ಬಿದ್ದು ಉಬ್ಬಿಹೋದ ಮುಖ. ಅದು ನನ್ನ ಎಡ್ವಿನ್ ಅಂತ ನನಗೆ ಗುರುತೇ ಸಿಗಲಿಲ್ಲ. ಹೆತ್ತ ತಾಯಿಗೆ ಗುರುತು ಸಿಗಲಿಲ್ಲ. ಯಾರಿಗೆ ಹೇಳುವುದು? ಅಲ್ಲಿ ಒಂದೇ ಕೋಣೆಯಲ್ಲಿ ಹತ್ತು ಜನ ಇರ್ತಾರಂತೆ, ಯಾರ ಪ್ಯಾಂಟು ಯಾರು ಹಾಕಿದ್ದರೋ. ಆ ಇನ್ನೊಬ್ಬ ಸಿಗಲೇ ಇಲ್ಲ ಅಲ್ಲವಾ? ಬದುಕಿರುವ ಮಗನಿಗೆ ನಾನು ಸತ್ತವರ ಪೂಜೆ ಹೇಳಿಸುವುದು ಹೇಗೆ? ಹೇಳಿಸದೆ ಇದ್ದರೆ, ಅದು ಅವನೇ ಆಗಿದ್ದರೆ, ಅವನ ಆತ್ಮ ಎಲ್ಲಿ ಅಲೆಯುತ್ತಾ ಉಂಟೋ?”

ಹುಚ್ಚು ಎಂದು ನಾವೆಲ್ಲ ಹೇಳುತ್ತಿದ್ದದ್ದು ಇದಕ್ಕೆ.

ದೇಯಿ ಬಾಯಿಯ ಹತ್ತಿರಕ್ಕೆ ಸರಿದು ಕೂತಳು. ಆಮೇಲೆ ಹೇಳಿದಳು. “ಬಾಯಮ್ಮ, ಒಂದು ವಿಷಯ ನಾನು ನಿಮಗೆ ಹೇಳಿಲ್ಲ. ಬಾಲೆ ಅಂಬೆಗಾಲು ಹಾಕುವಾಗ ಈ ಕಡೆಯುವ ಕಲ್ಲಿನ ಅಂಚಿಗೆ ಬಿದ್ದು ಕಿವಿಯ ಹಿಂದೆ ಒಡೆದಿತ್ತು. ನೀವು ಬೇಕರಿಯಲ್ಲಿದ್ದಿರಿ. ಬೈತೀರಿ ಅಂತ ಹೆದರಿ ಅರಸಿನ ಒತ್ತಿ, ಕೂದಲು ಮುಚ್ಚಿ, ಮಲಗಿಸಿದೆ. ಬಲಕಿವಿಯ ಹಿಂದೆ, ಅಕ್ಕಿಕಾಳಿನಷ್ಟು ಕಲೆ. ನಾನು ಎಣ್ಣೆ ಹಚ್ಚುವಾಗೆಲ್ಲ ಬೆರಳಿಗೆ ಸಿಗ್ತಿತ್ತು. ನನಗಲ್ಲದೆ ಯಾರಿಗೂ ಗೊತ್ತಿಲ್ಲ.”

ಬಾಯಿ ಅವಳ ಕೈ ಹಿಡಿದುಕೊಂಡರು. “ನೀನು ನೋಡಿದ್ದೀಯಾ? ನನಗೆ ತಲೆ ತಿರುಗಿ ಆಚೆ ಕೊಂಡುಹೋಗಿದ್ದರು. ನೀನು ಬರುವಾಗ ತೆರೆದಿತ್ತಾ?”

“ತೆರೆದಿತ್ತು,” ಎಂದಳು ದೇಯಿ. “ಮುಚ್ಚುವುದರಲ್ಲಿದ್ದರು. ನಾನು ಬಗ್ಗಿ, ಕೂದಲು ಸರಿಸಿ, ಕಿವಿಯ ಹಿಂದೆ ಬೆರಳು ಇಟ್ಟು ನೋಡಿದೆ. ಕಲೆ ಇತ್ತು. ಅದು ಬಾಲೆಯೇ.”

“ನಿಜವಾ ದೇಯಿ? ನನ್ನ ಸಮಾಧಾನಕ್ಕೆ ಹೇಳುವುದಲ್ಲವಾ?”

“ನಮ್ಮ ಮನೆಯ ದೈವದ ಆಣೆ ಬಾಯಮ್ಮ.”

ತುಳುವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳುತ್ತೇನೆ. ನಾವು ದೈವವನ್ನು ಕರೆಯುವುದೇ ಸತ್ಯ ಅಂತ. ಅದರ ಹೆಸರಿನಲ್ಲಿ ಸುಳ್ಳು ಆಣೆ ಹಾಕಿದವರ ಕುಲ ಉಳಿಯುವುದಿಲ್ಲ ಎಂಬ ಹೆದರಿಕೆಯಲ್ಲಿ ಹುಟ್ಟಿ ಬೆಳೆದವರು ನಾವು. ಕೋರ್ಟಿನಲ್ಲಿ ಲೀಲಾಜಾಲವಾಗಿ ಸುಳ್ಳು ಹೇಳುವವನೂ ದೈವದ ಎದುರು ಬಾಯಿ ಬಿಡುವುದಿಲ್ಲ. ಮೊಳೆ ಹೊಡೆದದ್ದನ್ನು ಕಂಡವಳು ನಾನು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ದೇಯಿ ನನ್ನ ಕಡೆ ನೋಡಿದಳು. ಆ ನೋಟಕ್ಕೆ ನಾನು ಗಂಜಿ ಪಾತ್ರೆಯನ್ನು ಕೆಳಗಿಟ್ಟು, “ಹೌದು ಬಾಯಿ, ನಾನೂ ಕಂಡೆ,” ಎಂದೆ.

ಎಸ್ತೆರ್ ಬಾಯಿ ಆವತ್ತು ಬಾಯಿ ಬಿಟ್ಟು ಅತ್ತರು. ಮಗ ಸತ್ತ ಸುದ್ದಿ ಬಂದ ದಿನವೂ ಹಾಗೆ ಅತ್ತಿರಲಿಲ್ಲ. ಅತ್ತು ಅತ್ತು ದೇಯಿಯ ಮಡಿಲಲ್ಲೇ ನಿದ್ದೆ ಹೋದರು. ತಿಂಗಳ ಪೂಜೆ ಕ್ರಮವಾಗಿ ನಡೆಯಿತು. ಆಮೇಲೆ ನಿಧಾನಕ್ಕೆ ಗಲ್ಲೆಗೆ ಹೋಗತೊಡಗಿದರು. ಗಿರಾಕಿಗಳೊಡನೆ ಚಿಲ್ಲರೆಗಾಗಿ ಜಗಳ ಮಾಡುವಷ್ಟು ಗಟ್ಟಿಯಾದರು.

ಆಣೆ ಹಾಕಿದ ಮರುದಿನ ದೇಯಿ ನೀರಿಗೆ ಬಂದಾಗ ನಾನೇ ಕೇಳಿದೆ. “ದೇಯಕ್ಕ, ಎಂತ ಕೆಲಸ ಮಾಡಿದಿ ನೀನು?”

“ನನ್ನದು ಎಂತ ಉಂಟು ಶಶಿಯಕ್ಕ, ಹಿಂದೆ ಮುಂದೆ ಯಾರೂ ಇಲ್ಲ. ದೈವಕ್ಕೆ ಕೋಪ ಬಂದರೆ ನನ್ನೊಬ್ಬಳ ಮೇಲೆ ಬರಲಿ. ಅವರು ಹೆತ್ತವರು, ಅವರಿಗೆ ಮಲಗಲಿಕ್ಕೆ ಆಗಬೇಕು,” ಎಂದಳು. ಕೊಡ ತುಂಬಿತ್ತು, ಎತ್ತಲಿಲ್ಲ. “ನಾನು ಒಂದು ಗಳಿಗೆ ಕಂಡಿದ್ದರೆ ಸಾಕಿತ್ತು. ಹೌದಾ ಅಲ್ಲವಾ ಅಂತ ಗೊತ್ತಾಗುತ್ತಿತ್ತು. ಆ ಗಾಜು ಒರೆಸಿದೆ ಒರೆಸಿದೆ, ಕೊಡೆಗಳು ಬಿಟ್ಟರೆ ಎಂತದೂ ಕಾಣಲಿಲ್ಲ.” ಆಗ ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ವರ್ಷದಿಂದ ದೇರೆಬೈಲಿನ ಮನೆಯ ದೈವದ ಕೋಲಕ್ಕೆ ದೇಯಿ ಹೋಗಲಿಲ್ಲ. ತಮ್ಮ ಶೀನಪ್ಪ ಪ್ರತಿವರ್ಷ ಕರೆಯಲು ಬರುವನು. ಮೊಣಕಾಲು ನೋವು ಎನ್ನುವಳು. ದೈವದ ಎದುರು ನಿಂತು ಗಂಧಪ್ರಸಾದಕ್ಕೆ ಕೈ ಒಡ್ಡುವ ಧೈರ್ಯ ಅವಳಿಗೆ ಇರಲಿಲ್ಲ. ಕೋಲದ ದಿನ ಏನೂ ತಿನ್ನದೆ ಬಾವಿಕಟ್ಟೆಯಲ್ಲಿ ದೇರೆಬೈಲಿನ ದಿಕ್ಕಿಗೆ ಮುಖ ಮಾಡಿ ಕೂರುತ್ತಿದ್ದಳು.

ಇನ್ನೊಂದು ಅಭ್ಯಾಸವೂ ಶುರುವಾಯಿತು. ಅವಳು ಮೊದಲಿನಿಂದಲೂ ಮಲಗುತ್ತಿದ್ದದ್ದು ಮನೆಯ ಹಿಂದಿನ ಬಾಗಿಲಿನ ಪಕ್ಕ, ಅಡುಗೆಮನೆಯಲ್ಲಿ. ಆ ಬಾಗಿಲಿಗೆ ಅಗಳಿ ಹಾಕುವುದನ್ನು ಬಿಟ್ಟಳು. ಬರೀ ಎಳೆದು ಇಡುವಳು. ಎಡ್ವಿನ್ ಸಿನೆಮಾ ಮುಗಿಸಿ ತಡವಾಗಿ ಬಂದರೆ ಅಪ್ಪನಿಗೆ ಗೊತ್ತಾಗದ ಹಾಗೆ ಒಳಗೆ ಬರುತ್ತಿದ್ದದ್ದು ಅದೇ ಬಾಗಿಲಿನಿಂದ. ಎರಡು ಸಲ ನಾಯಿ ನುಗ್ಗಿ ಮೀನಿನ ಪದಾರ್ಥ ಚೆಲ್ಲಿತು. ಎಸ್ತೆರ್ ಬಾಯಿ ಬೈದರು. “ಕಳ್ಳರು ಬಂದರೆ ಎಂತ ಮಾಡ್ತೀ?” ಅಂದರು. ಇವಳು ಹೂಂ ಎನ್ನುವಳು, ಮತ್ತೆ ಹಾಗೆಯೇ. ಒಮ್ಮೆ ನಾನು ಕೂಡ, “ಒಂದು ಅಗಳಿ ಹಾಕಲಿಕ್ಕೆ ಎಂತ ದೇಯಕ್ಕ ನಿನಗೆ?” ಎಂದು ರೇಗಿದೆ.

“ನಾನು ಕಂಡಿಲ್ಲ ಅಲ್ಲವಾ ಶಶಿಯಕ್ಕ,” ಎಂದಳು. “ಕಾಣದೆ ಹೇಗೆ ಅಗಳಿ ಹಾಕುವುದು? ಒಂದು ವೇಳೆ ಬಂದರೆ, ಹೊರಗಿನಿಂದ ದೂಡಿದ ಕೂಡಲೇ ತೆರೆಯಬೇಕು.”



ಎಂಬತ್ತೇಳರಲ್ಲಿ ದೇಯಿ ತೀರಿಕೊಂಡಳು. ಜ್ವರ ಬಂದು ಬೇಗ ಹೋದಳು. ಯಾರಿಗೂ ಚಾಕರಿ ಮಾಡಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಮಹಾಬಲನ ತಲೆ ಬೆಳ್ಳಗಾಗಿತ್ತು, ಅಂಬಾಸಿಡರ್ ಇನ್ನೂ ಇತ್ತು. ದೇರೆಬೈಲಿಗೆ ಕೊಂಡುಹೋಗಲು ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿದರು. ಬಾಗಿಲು ಮುಚ್ಚಿದ ಮೇಲೆ ಮಹಾಬಲ ಗಾಡಿ ಹೊರಡಿಸದೆ ಸ್ಟೇರಿಂಗಿಗೆ ಹಣೆ ಹಚ್ಚಿ ಕೂತ. ಆ ಕೊಡೆಯನ್ನು ಎಸ್ತೆರ್ ಬಾಯಿ ಅವಳ ಪಕ್ಕದಲ್ಲಿ ಇಟ್ಟರು.

ಎಲ್ಲ ಮುಗಿದು ಸಂಜೆ ನಾನು ಅವರ ಅಡುಗೆಮನೆಯಲ್ಲಿ ಕೂತಿದ್ದೆ. ಬಾಯಿಗೆ ಆಗ ವಯಸ್ಸಾಗಿತ್ತು. ಕಣ್ಣು ಸರಿ ಕಾಣುತ್ತಿರಲಿಲ್ಲ. ಚಾ ಕುಡಿಯುತ್ತಾ, “ಒಂದು ಕೇಳ್ತೇನೆ ಶಶಿ, ನಿನ್ನ ಹತ್ತಿರ ಅವಳು ಎಲ್ಲ ಹೇಳುತ್ತಿದ್ದಳು,” ಎಂದರು. “ಇಷ್ಟು ವರ್ಷ ಈ ಬಾಗಿಲಿಗೆ ಅವಳು ಅಗಳಿ ಹಾಕಲಿಲ್ಲ. ನಾನು ಎಷ್ಟು ಬೈದೆ. ಯಾಕೆ ಹಾಗೆ ಮಾಡ್ತಿದ್ದಳು?”

ನಾಲಿಗೆ ಚೂಪು ಎಂದು ಹೆಸರು ಪಡೆದವಳು ನಾನು.

“ಮರೆತು ಹೋಗುತ್ತಿತ್ತು ಬಾಯಿ,” ಎಂದೆ. “ಪ್ರಾಯ ಆಗಿತ್ತಲ್ಲ.”

ಅವರು ನನ್ನ ಮುಖ ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು ಎದ್ದು ಬಾಗಿಲಿನ ಹತ್ತಿರ ಹೋದರು. ಅಗಳಿಯ ಮೇಲೆ ಕೈ ಇಟ್ಟು ತುಂಬಾ ಹೊತ್ತು ಹೊರಗೆ ಅಂಗಳವನ್ನು ನೋ‍ಡುತ್ತಾ ನಿಂತರು. ಕತ್ತಲೆಯಾಗುತ್ತಾ ಬಂದಿತ್ತು. ಕೊನೆಗೆ ಅಗಳಿ ಹಾಕದೆ, ಬಾಗಿಲನ್ನು ಬರೀ ಎಳೆದು ಇಟ್ಟು ಬಂದು ಕೂತರು.